ನಾಯಿಯ ಮದ್ದು ಮತ್ತು ಸುಣ್ಣಾಂಶದ ಲೆಕ್ಕ



ಜೀವಮಾನವೆಲ್ಲ ಸೀಮೆಸುಣ್ಣ ಹಿಡಿದ ನನಗೆ ಸುಣ್ಣಾಂಶದ ಲೆಕ್ಕವನ್ನು ಕಲಿಸಿದುದು ಮಿರಜದ ನಮ್ಮ ಮನೆಯ ಮುಧೋಳ ತಳಿಯ ನಾಯಿ. ಆರನೆಯ ವಯಸ್ಸಿನಲ್ಲಿ ಅದು ಮೂತಿಯನ್ನು ನೆಲಕ್ಕೆ ಉಜ್ಜತೊಡಗಿತು, ಮೈ ಅದುರಿತು. ಅಂಗಡಿಯವರ ಮಾತು ನಂಬಿ ಎಲುಬಿನ ಪುಡಿ ತಿನ್ನಿಸಿದೆನು. ಒಂದು ರಾತ್ರಿ ಸೆಳೆತವೇ ಬಂದಿತು. ವರ್ಷವರ್ಷವೂ ಲಸಿಕೆ ಹಾಕಿಸಿದ್ದರೂ ನೆರೆಯವರು ಹುಚ್ಚು ಹಿಡಿದಿದೆಯೆಂದು ಬಗೆದು ಕೊಲ್ಲಿಸುವ ಮಾತನ್ನಾಡಿದರು. ಪಶುವೈದ್ಯರು ರಕ್ತ ಪರೀಕ್ಷಿಸಿದಾಗ ಕ್ಯಾಲ್ಸಿಯಂ ಡೆಸಿಲೀಟರಿಗೆ 5 ಮಿಲಿಗ್ರಾಂ ಮಾತ್ರವಿತ್ತು. ಇರಬೇಕಾದುದು ಸುಮಾರು 9ರಿಂದ 11. ರಂಜಕದ ಪ್ರಮಾಣ ಮಾತ್ರ ಏರಿತ್ತು.

ಕುತ್ತಿಗೆಯಲ್ಲಿ ಥೈರಾಯಿಡ್ ಗ್ರಂಥಿಗೆ ಅಂಟಿಕೊಂಡು ಕಾಳಿನಷ್ಟು ಚಿಕ್ಕ ನಾಲ್ಕು ಪ್ಯಾರಾಥೈರಾಯಿಡ್ ಗ್ರಂಥಿಗಳಿರುತ್ತವೆ. ಅವುಗಳ ಹಾರ್ಮೋನು ಎಲುಬಿನಿಂದ ಕ್ಯಾಲ್ಸಿಯಮನ್ನು ರಕ್ತಕ್ಕೆ ಬಿಡಿಸುತ್ತದೆ. ಮೂತ್ರಪಿಂಡದ ಮೂಲಕ ರಂಜಕವನ್ನು ಹೊರಹಾಕಿಸುತ್ತದೆ. ಡಿ ಜೀವಸತ್ವವನ್ನು ಚುರುಕುಗೊಳಿಸುತ್ತದೆ. ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರೋಂ 1880ರಲ್ಲಿ ಇವುಗಳನ್ನು ವರ್ಣಿಸಿದನು. ಅವನು ಮೊದಲು ಕಂಡುದು ನಾಯಿಯಲ್ಲಿಯೇ. ಈ ಗ್ರಂಥಿಗಳನ್ನು ತೆಗೆದ ನಾಯಿಗಳ ಸೆಳೆತ ಕ್ಯಾಲ್ಸಿಯಂ ಕೊಟ್ಟರೆ ಶಮನವಾಗುವುದೆಂದು 1909ರಲ್ಲಿ ಅಮೆರಿಕದ ಮ್ಯಾಕಲಂ ಮತ್ತು ವೋಗ್ಟ್ಲಿನ್ ತೋರಿಸಿದರು.

ಹಾಗಾದರೆ ಯಾವ ಕ್ಯಾಲ್ಸಿಯಂ? ಲವಣದ ತೂಕವೆಲ್ಲ ಕ್ಯಾಲ್ಸಿಯಂ ಅಲ್ಲ. 1000 ಮಿಲಿಗ್ರಾಂ ಕಾರ್ಬೋನೇಟಿನಲ್ಲಿ ಅದು 400, ಸಿಟ್ರೇಟಿನಲ್ಲಿ ಸುಮಾರು 210, ಲ್ಯಾಕ್ಟೇಟಿನಲ್ಲಿ 130, ಗ್ಲುಕೋನೇಟಿನಲ್ಲಿ 90 ಮಿಲಿಗ್ರಾಂ. ಆದುದರಿಂದ ವೈದ್ಯರು ಸಾಮಾನ್ಯವಾಗಿ ಕಾರ್ಬೋನೇಟನ್ನು ಆರಿಸಿ, ಆಹಾರದೊಡನೆ ಕೊಡಿಸುತ್ತಾರೆ. ಅದು ಆಹಾರದ ರಂಜಕವನ್ನೂ ಕರುಳಿನಲ್ಲಿ ಹಿಡಿದಿಡುತ್ತದೆ. ಎಲುಬಿನ ಪುಡಿಯಲ್ಲಿ ರಂಜಕವೇ ಹೇರಳ. ನನ್ನ ತಪ್ಪು ಅಲ್ಲಿತ್ತು. ಸಾಮಾನ್ಯ ಡಿ3 ಗುಳಿಗೆಯೂ ಸಾಲದು. ಹಾರ್ಮೋನಿಲ್ಲದೆ ಅದು ಸರಿಯಾಗಿ ಚುರುಕುಗೊಳ್ಳದು. ಕ್ಯಾಲ್ಸಿಟ್ರಿಯಾಲ್ ಎಂಬ ಸಿದ್ಧರೂಪವೇ ಬೇಕು. ಮನುಷ್ಯರ ಚೀಪುವ ಗುಳಿಗೆಗಳಲ್ಲಿ ಕ್ಸೈಲಿಟಾಲ್ ಸಿಹಿಯಿದ್ದರೆ ಅದು ನಾಯಿಗೆ ವಿಷ.

ಮದ್ದು ಮಿತಿಮೀರಿದರೂ ಅಪಾಯವೇ. ಅತಿ ಬಾಯಾರಿಕೆ, ಅತಿ ಮೂತ್ರ, ವಾಂತಿ ಕಂಡರೆ ಕೂಡಲೇ ರಕ್ತ ಪರೀಕ್ಷಿಸಬೇಕು. ಇಲ್ಲವಾದರೆ ಮೂತ್ರಪಿಂಡ ಕೆಡುತ್ತದೆ. ಅಡ್ರಿನಲ್ ಗ್ರಂಥಿ ಸೊರಗುವ ಅಡಿಸನ್ ರೋಗವೂ ಹಾರ್ಮೋನಿನ ಕೊರತೆಯೇ. ಆದರೆ ಅದರಲ್ಲಿ ಕೆಲವು ನಾಯಿಗಳ ಕ್ಯಾಲ್ಸಿಯಂ ತಾನಾಗಿಯೇ ಏರಿರುತ್ತದೆ. ಅಂಥ ನಾಯಿಗೆ ಇದೇ ಗುಳಿಗೆ ಹಾನಿಕರ.

ನಮ್ಮ ನಾಯಿ ಮುಂದೆ ನಾಲ್ಕು ವರ್ಷ ಸುಖವಾಗಿ ಬಾಳಿತು. ಪ್ರಶ್ನೆಯನ್ನು ಓದದೆ ಉತ್ತರ ಬರೆಯಬೇಡಿರೆಂದು ತರಗತಿಯಲ್ಲಿ ನಿಮಗೆ ಹೇಳುತ್ತಿದ್ದೆನು. ಆ ಮಾತನ್ನು ನಾನೇ ಮರೆತಿದ್ದೆನು. ಮೂಕಪ್ರಾಣಿಯ ಪ್ರಶ್ನೆ ಅದರ ರಕ್ತದಲ್ಲಿರುತ್ತದೆ. ಮೊದಲು ಅದನ್ನು ಓದಿಸಿರಿ, ಅನಂತರ ಮದ್ದು ಕೊಡಿರಿ.