ಮಕ್ಕಳ ಮಾನಸಿಕ ಸ್ವಾಸ್ಥ್ಯ ಮತ್ತು ಅಧ್ಯಾಪಕರು: ಮುಂಬಯಿಯ ಕನ್ನಡ ಶಾಲೆಗಳ ನಿದರ್ಶನ

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಹುಡುಗರಲ್ಲಿ ಅನೇಕರು ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಸಂಜೆ ರಾತ್ರಿ ಶಾಲೆಗೆ ಹೋಗುತ್ತಿದ್ದರೆಂಬುದು ಈ ನಗರದ ಕನ್ನಡಿಗರ ಇತಿಹಾಸದಲ್ಲಿ ಮುಖ್ಯವಾದ ಅಧ್ಯಾಯ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ಇಂತಹ ಶಾಲೆಗಳನ್ನು ನಡೆಸಿದವು. ತಂದೆತಾಯಿಗಳು ಊರಿನಲ್ಲಿ, ಮಲಗುವ ತಾಣ ಹೋಟೆಲಿನಲ್ಲಿಯೇ. ಅಂತಹ ಬಾಲಕನ ಬಾಡಿದ ಮುಖವನ್ನು ಕಂಡು, ಊಟವಾಯಿತೇ, ಊರಿನಿಂದ ಕಾಗದ ಬಂದಿತೇ ಎಂದು ವಿಚಾರಿಸಬಲ್ಲ ಹಿರಿಯರೆಂದರೆ ಬಹುಮಟ್ಟಿಗೆ ಶಾಲೆಯ ಮಾಸ್ತರರೇ ಆಗಿದ್ದರು. ಮಾನಸಿಕ ಸ್ವಾಸ್ಥ್ಯ ಎಂಬ ಮಾತು ಆಗ ಶಾಲೆಗಳಲ್ಲಿ ರೂಢಿಯಲ್ಲಿರಲಿಲ್ಲ. ಕೆಲಸ ಮಾತ್ರ ಅದೇ ಆಗಿತ್ತು.

ಇಂದು ಬೃಹನ್ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಿಗೆ ಬರುವವರಲ್ಲಿ ಉತ್ತರ ಕರ್ನಾಟಕದಿಂದ ಕೂಲಿಗಾಗಿ ವಲಸೆ ಬಂದ ಕುಟುಂಬಗಳ ಮಕ್ಕಳೂ ಇದ್ದಾರೆ. ಮನೆಯಲ್ಲಿ ಊರಿನ ಮಾತು, ತರಗತಿಯಲ್ಲಿ ಗ್ರಾಂಥಿಕ ಕನ್ನಡ, ಓಣಿಯಲ್ಲಿ ಹಿಂದಿ. ಇವುಗಳ ಜೊತೆಗೆ 2020ರ ರಾಜ್ಯ ಶಾಸನದಂತೆ ಕಡ್ಡಾಯವಾಗಿರುವ ಮರಾಠಿ. ಉತ್ತರ ಗೊತ್ತಿದ್ದೂ ಬಾಯಿಬಿಡದ ಮಗುವನ್ನು ದಡ್ಡನೆಂದು ತೀರ್ಮಾನಿಸುವುದು ಬಹಳ ಸುಲಭ. ತರಗತಿಯ ಮುಂದೆ ಹಾಗೆ ಹೀಯಾಳಿಸುವುದು ಕೇವಲ ಅಸಭ್ಯತೆಯಲ್ಲ. 2009ರ ಶಿಕ್ಷಣ ಹಕ್ಕು ಅಧಿನಿಯಮದ 17ನೆಯ ಪ್ರಕರಣವು ದೈಹಿಕ ಶಿಕ್ಷೆಯೊಡನೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಅಧ್ಯಾಪಕರು ವೈದ್ಯರಲ್ಲ, ರೋಗನಿರ್ಣಯ ಅವರ ಹೊಣೆಯೂ ಅಲ್ಲ. ಆದರೆ ದಿನಕ್ಕೆ ಐದಾರು ಗಂಟೆ ಮಗುವನ್ನು ಕಾಣುವವರು ಅವರು. ಹತ್ತು ಜನರ ವಾಸಕ್ಕೆ ಒಂದೇ ಕೋಣೆಯಿರುವ ಚಾಳಿನಲ್ಲಿ ತಾಯಿಯ ಕಣ್ಣಿಗೂ ಬೀಳದ ಬದಲಾವಣೆ ಶಾಲೆಯಲ್ಲಿ ಎದ್ದು ಕಾಣಬಹುದು. ಆಟಕ್ಕೆ ಮುಂದಾಗುತ್ತಿದ್ದ ಹುಡುಗ ಮೂಲೆ ಸೇರುವುದು, ಅಂದವಾಗಿದ್ದ ಬರೆವಣಿಗೆ ಕೆಡುವುದು, ಕಾರಣ ಕಾಣದ ತಲೆನೋವು, ಹೊಟ್ಟೆನೋವು, ಪದೇ ಪದೇ ಗೈರುಹಾಜರಿ, ತನ್ನ ಪ್ರೀತಿಯ ವಸ್ತುಗಳನ್ನು ಗೆಳೆಯರಿಗೆ ಹಂಚಿಬಿಡುವುದು. ಇಂತಹ ಲಕ್ಷಣಗಳು ಎರಡು ವಾರಗಳವರೆಗೆ ಮುಂದುವರಿದರೆ ಉಪೇಕ್ಷಿಸಲಾಗದು. ಕೊನೆಯ ಲಕ್ಷಣಕ್ಕಂತೂ ಎರಡು ದಿನವೂ ಕಾಯಬಾರದು.

ಮಗುವನ್ನು ಏಕಾಂತದಲ್ಲಿ ಮಾತನಾಡಿಸಬೇಕು. ಅವಸರದ ಉಪದೇಶಕ್ಕಿಂತ ಆಲಿಸುವಿಕೆ ಮುಖ್ಯ. ಬದುಕು ಸಾಕೆನಿಸಿದೆಯೇ ಎಂದು ಕೇಳಿದರೆ ಇಲ್ಲದ ಆಲೋಚನೆಯನ್ನು ಬಿತ್ತಿದಂತಾಗುವುದೆಂಬ ಭಯ ಅನೇಕರಲ್ಲಿದೆ. ಇದು ತಪ್ಪು ತಿಳಿವಳಿಕೆ. ನೇರವಾಗಿ, ಮೃದುವಾಗಿ ಕೇಳುವುದರಿಂದ ಮಗುವಿಗೆ ಭಾರ ಇಳಿದಂತಾಗುತ್ತದೆ. ಯಾರಿಗೂ ಹೇಳುವುದಿಲ್ಲವೆಂಬ ಭಾಷೆಯನ್ನು ಮಾತ್ರ ಕೊಡಬಾರದು. ಪ್ರಾಣಾಪಾಯ ಅಥವಾ ಲೈಂಗಿಕ ದೌರ್ಜನ್ಯದ ಸುಳಿವಿದ್ದಲ್ಲಿ ಗೋಪ್ಯತೆ ಸಲ್ಲದು. ದೌರ್ಜನ್ಯ ತಿಳಿದುಬಂದರೆ ವರದಿ ಮಾಡುವುದು 2012ರ ಪೋಕ್ಸೋ ಅಧಿನಿಯಮದ ಪ್ರಕಾರ ಕಡ್ಡಾಯ.

ಪೋಷಕರೊಡನೆ ಮಾತನಾಡುವಾಗ ಪದಗಳ ಆಯ್ಕೆಯಲ್ಲಿ ಎಚ್ಚರ ಬೇಕು. ಹುಚ್ಚು ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮಗುವನ್ನು ಶಾಲೆ ಬಿಡಿಸಿ ಊರಿಗೆ ಕಳುಹಿಸುವವರಿದ್ದಾರೆ. ಜ್ವರಕ್ಕೆ ವೈದ್ಯರನ್ನು ಕಾಣುವಂತೆಯೇ ಇದೂ ಎಂದು ತಿಳಿಯಹೇಳಬೇಕು. ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲ್‌ನ ನಾಯರ್, ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಗಳಲ್ಲಿ ಮನೋರೋಗ ಚಿಕಿತ್ಸಾ ವಿಭಾಗಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ದಿನಗೂಲಿಯವರನ್ನು ಕೆಲಸದ ದಿನ ಶಾಲೆಗೆ ಕರೆಸಿದರೆ ಆ ದಿನದ ಕೂಲಿ ತಪ್ಪುತ್ತದೆ. ಆದುದರಿಂದ ಪೋಷಕರ ಭೇಟಿಯನ್ನು ಅವರ ರಜೆಯ ದಿನ ಅಥವಾ ಸಂಜೆಗೆ ಗೊತ್ತುಪಡಿಸುವುದು ಯುಕ್ತ. ಅರವತ್ತು ಮಕ್ಕಳ ತರಗತಿ, ಚುನಾವಣೆ, ಜನಗಣತಿಗಳ ಹೊರೆ ಹೊತ್ತ ಅಧ್ಯಾಪಕರಿಗೂ ದಣಿವುಂಟು. ಮೇಲೆ ಹೇಳಿದ ದೂರವಾಣಿ ಸಂಖ್ಯೆ ಅವರಿಗೂ ತೆರೆದಿರುತ್ತದೆ.