ನಮ್ಮ ವಿವರಕ್ಕೆ ಒಡೆಯರು ಯಾರು?

ಗ್ರೇಟರ್ ನೋಯ್ಡಾದ ವಸತಿ ಸಮುಚ್ಚಯವೊಂದರಲ್ಲಿರುವ ಬಂಧುಗಳ ಮನೆಗೆ ನಾವು ಹೋದೆವೆನ್ನೋಣ. ಹೆಬ್ಬಾಗಿಲಿನ ಕಾವಲುಗಾರನು ನಮ್ಮ ಹೆಸರನ್ನೂ ದೂರವಾಣಿಯ ಸಂಖ್ಯೆಯನ್ನೂ ಕೇಳಿ ತನ್ನ ಮೊಬೈಲಿನಲ್ಲಿ ದಾಖಲಿಸುತ್ತಾನೆ. ಕಾವಲಿಗಾಗಿ ಕೇಳಿದ್ದು ನ್ಯಾಯವೇ ಸರಿ. ಆದರೆ ಅದೇ ಸಂಖ್ಯೆಯು ನಾಳೆ ಯಾರೋ ವ್ಯಾಪಾರಿಯ ಕೈಸೇರಿದರೆ? ಒಮ್ಮೆ ಕೊಟ್ಟ ವಿವರದ ಮೇಲೆ ನಮಗೆ ಅಧಿಕಾರವೇನಾದರೂ ಉಳಿಯುವುದೇ?

ಈ ಪ್ರಶ್ನೆಗೆ ಉತ್ತರ ದೊರೆಯಲು ನಮ್ಮ ದೇಶದಲ್ಲಿ ಬಹುಕಾಲ ಹಿಡಿಯಿತು. ಗ್ರೇಟರ್ ನೋಯ್ಡಾ ಸೇರಿರುವ ಉತ್ತರ ಪ್ರದೇಶದಲ್ಲಿಯೇ ಹಿಂದೆ ಖರಕ್ ಸಿಂಗ್ ಎಂಬಾತನಿದ್ದನು. ದರೋಡೆಯ ಆರೋಪಕ್ಕೆ ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿದ್ದರೂ ಪೊಲೀಸರು ಅವನ ಚಲನವಲನಗಳನ್ನು ಬರೆದಿಡುತ್ತಿದ್ದರು. ನಡುರಾತ್ರಿಯಲ್ಲಿ ಬಂದು ಬಾಗಿಲು ತಟ್ಟುತ್ತಿದ್ದರು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇರುಳಿನ ಭೇಟಿಗಳನ್ನು ನಿಷೇಧಿಸಿತಾದರೂ, ಖಾಸಗಿತನವು ಸಂವಿಧಾನವಿತ್ತ ಹಕ್ಕಲ್ಲವೆಂದು ಬಹುಮತದಿಂದ ಹೇಳಿತು.

ಆ ಮಾತು ಬದಲಾಗಲು ಕಾರಣರಾದವರು ಒಬ್ಬ ಕನ್ನಡಿಗರೆಂಬುದು ನಮಗೆ ಹೆಮ್ಮೆಯ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಸಂಸತ್ತು ಶಾಸನ ಮಾಡದೆಯೇ ಪ್ರಜೆಗಳ ಬೆರಳಚ್ಚನ್ನು ಸಂಗ್ರಹಿಸುವುದು ಸರಿಯೇ ಎಂದು ಅವರು ಕೇಳಿದರು. 2017ರ ಆಗಸ್ಟ್ 24ರಂದು 9 ಮಂದಿ ನ್ಯಾಯಮೂರ್ತಿಗಳು, ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಮರುವರ್ಷದ ತೀರ್ಪು ಆಧಾರನ್ನು ಉಳಿಸಿತಾದರೂ, ಮಕ್ಕಳ ಶಾಲಾಪ್ರವೇಶಕ್ಕೆ ಅದನ್ನು ಕಡ್ಡಾಯ ಮಾಡಬಾರದೆಂದಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನವನ್ನು ಮಾಡಿತು. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು. ಮುಖ್ಯ ವಿಧಿಗಳು ಅದಕ್ಕೆ 18 ತಿಂಗಳ ನಂತರ ಜಾರಿಗೆ ಬರತಕ್ಕವು. ವಿವರವನ್ನು ಏತಕ್ಕೆ ಕೇಳುತ್ತಿರುವೆವೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು, ಕೊಟ್ಟ ಒಪ್ಪಿಗೆಯನ್ನು ನಾವು ಹಿಂತೆಗೆದುಕೊಳ್ಳಬಹುದು, ತಪ್ಪನ್ನು ತಿದ್ದಿಸಬಹುದು. 18 ವರ್ಷ ತುಂಬದವರ ವಿವರಕ್ಕೆ ತಂದೆತಾಯಿಗಳ ಅಥವಾ ಪೋಷಕರ ಒಪ್ಪಿಗೆ ಬೇಕು. ಭಾರಿ ಲೋಪಕ್ಕೆ 250 ಕೋಟಿ ರೂಪಾಯಿಗಳವರೆಗೆ ದಂಡವುಂಟು. ಆದರೆ ಬರಿಯ ಕಾಗದದ ಪುಸ್ತಕದಲ್ಲಿಯೇ ಉಳಿದ ವಿವರಕ್ಕೆ ಈ ಶಾಸನವು ಅನ್ವಯಿಸದು; ಅದು ಗಣಕಯಂತ್ರವನ್ನು ಸೇರಿದರೆ ಅನ್ವಯಿಸುವುದು.

ಬಚ್ಚಿಡಲು ನಮ್ಮಲ್ಲಿ ಏನಿದೆ ಎಂದು ಕೆಲವರು ಕೇಳುವುದುಂಟು. ಮನೆಯ ಬಾಗಿಲಿಗೆ ಅಗುಳಿ ಹಾಕುವವರೆಲ್ಲರೂ ಕಳ್ಳರಲ್ಲ. ಯಾರನ್ನು ಒಳಗೆ ಕರೆಯಬೇಕೆಂಬುದು ಮನೆಯವರ ಇಷ್ಟ. ನಮ್ಮ ವಿವರವೂ ಅಂಥದೇ. ಶಾಸನವೊಂದೇ ಇದನ್ನು ಕಾಯಲಾರದು. ಗೆಳೆಯನ ದೂರವಾಣಿ ಸಂಖ್ಯೆಯನ್ನಾಗಲಿ ಭಾವಚಿತ್ರವನ್ನಾಗಲಿ ಅವನನ್ನು ಕೇಳದೆ ಇತರರಿಗೆ ಕೊಡದಿರುವ ನಡತೆಯಿಂದ ಈ ಪಾಠವನ್ನು ನಾವು ಮೊದಲುಮಾಡೋಣ.