ಒಂದಗುಳಿನ ಸಾಕ್ಷ್ಯ: ಮಾದರಿಯಿಂದ ಸಮಷ್ಟಿಯನ್ನು ಅರಿಯುವ ಬಗೆ

ಅನ್ನ ಬೆಂದಿದೆಯೇ ಎಂದರಿಯಲು ಒಂದಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ಹಿರಿಯರ ಅನುಭವ. ಸಂಖ್ಯಾಶಾಸ್ತ್ರವೂ ಇದನ್ನೊಪ್ಪುತ್ತದೆ, ಆದರೆ ಆ ಅಗುಳಿನ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಕೇಳುತ್ತದೆ. 1937ರಲ್ಲಿ ಜೆರ್ಜಿ ನೇಮನ್ ಎಂಬ ವಿದ್ವಾಂಸರು ನಿರೂಪಿಸಿದ ‘ವಿಶ್ವಾಸಾಂತರ’ವು ಈ ಪ್ರಶ್ನೆಗೆ ಉತ್ತರ.

ನಮ್ಮ ರಾಜ್ಯದ್ದೇ ಒಂದು ನಿದರ್ಶನವನ್ನು ನೋಡೋಣ. 2020ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಕೋವಿಡ್ ಸೋಂಕಿನ ಸಮೀಕ್ಷೆ ನಡೆಸಿತು. 15,624 ಜನರ ಪರೀಕ್ಷಾಫಲಗಳಿಂದ, ಶೇಕಡಾ 27.3ರಷ್ಟು ಮಂದಿ ಸೋಂಕಿಗೆ ಒಳಗಾಗಿದ್ದರೆಂದು ಅಂದಾಜಾಯಿತು. 7.07 ಕೋಟಿ ಜನರಲ್ಲಿ ಇದು 1.93 ಕೋಟಿ. ಆ ವೇಳೆಗೆ ದಾಖಲಾಗಿದ್ದ ಪ್ರಕರಣಗಳಾದರೋ ಐದು ಲಕ್ಷದೊಳಗೆ!

ಈ ಅಂದಾಜು ಎಷ್ಟು ದೃಢವಾದುದು? 0.273ನ್ನು 0.727ರಿಂದ ಗುಣಿಸಿ, 15,624ರಿಂದ ಭಾಗಿಸಿ, ವರ್ಗಮೂಲ ತೆಗೆದು, 1.96ರಿಂದ ಗುಣಿಸಿದರೆ ಸುಮಾರು 0.007, ಎಂದರೆ ಶೇಕಡಾ 0.7 ಬರುತ್ತದೆ. ಚೀಟಿಯೆತ್ತಿದಂತೆ ಜನರನ್ನು ಆರಿಸಿದ್ದರೆ ಇಷ್ಟೇ ಸಾಕಿತ್ತು. ಗುಂಪುಗುಂಪಾಗಿ ಆರಿಸಿದುದರಿಂದಲೂ ಪರೀಕ್ಷೆಯ ದೋಷವನ್ನು ಲೆಕ್ಕಕ್ಕೆ ತಂದುದರಿಂದಲೂ ಅಂತರವು ಎರಡೂ ಕಡೆಗೆ ಸುಮಾರು 1.6ಕ್ಕೆ ಹಿಗ್ಗಿತು. ಎಂದರೆ 25.7ರಿಂದ 28.9; ಜನಸಂಖ್ಯೆಯಲ್ಲಿ 1.82ರಿಂದ 2.04 ಕೋಟಿ. ಕೆಳಮಿತಿಯನ್ನೇ ಹಿಡಿದರೂ ಸೋಂಕು ದಾಖಲೆಗಿಂತ ಮೂವತ್ತೈದು ಪಟ್ಟು ಮಿಗಿಲು. ಈ ತೀರ್ಮಾನವು ಅಂತರದೊಳಗೆ ಎಲ್ಲಿ ನಿಂತರೂ ಅಲುಗದು.

ಇಲ್ಲಿ ‘ಶೇಕಡಾ 95’ರ ಅರ್ಥವನ್ನು ಉಪಾಧ್ಯಾಯರು ಎಚ್ಚರದಿಂದ ಬೋಧಿಸಬೇಕು. ಇದೇ ವಿಧಾನದಿಂದ ನೂರು ಬಾರಿ ಮಾದರಿ ತೆಗೆದು ನೂರು ಅಂತರಗಳನ್ನು ರಚಿಸಿದರೆ, ಸುಮಾರು ತೊಂಬತ್ತೈದು ನಿಜಬೆಲೆಯನ್ನು ಒಳಗೊಳ್ಳುತ್ತವೆ. ಆ ಭರವಸೆ ವಿಧಾನಕ್ಕೆ ಸೇರಿದ್ದು, ಕೈಯಲ್ಲಿರುವ ಒಂದು ಅಂತರಕ್ಕಲ್ಲ.

ಮಾದರಿ ಕಿರಿದಾದಂತೆ ಅಂತರ ಹಿರಿದಾಗುತ್ತದೆ. ನಾನೂರೇ ಜನರನ್ನು ಪರೀಕ್ಷಿಸಿದರೆ ಅದು, ಚೀಟಿಯೆತ್ತಿದ ಮಾದರಿಯಲ್ಲಿಯೂ, ಎರಡೂ ಕಡೆಗೆ 4.4ರಷ್ಟಾಗುವುದು. ಆಗ ಒಂದು ಜಿಲ್ಲೆಗೆ 25, ಮತ್ತೊಂದಕ್ಕೆ 29 ಬಂದಿತೆಂದು ಎರಡನೆಯದರಲ್ಲಿ ಸೋಂಕು ಹೆಚ್ಚೆಂದು ಸಾರುವುದು ಅವಸರವಾದೀತು.

ಅಂತರವು ಅಳೆಯಲಾರದ ದೋಷವೂ ಒಂದುಂಟು. ಆ ಸಮೀಕ್ಷೆಯಲ್ಲಿ ಪರೀಕ್ಷೆಗೊಳಗಾದವರು ವಯಸ್ಕರು; ಅವರಲ್ಲಿ ಅನೇಕರು ಆಸ್ಪತ್ರೆ, ಮಾರುಕಟ್ಟೆ, ಬಸ್ ನಿಲ್ದಾಣಗಳಲ್ಲಿ ದೊರೆತವರು. ಮಕ್ಕಳಿಗೂ ಮನೆಯಲ್ಲೇ ಉಳಿದವರಿಗೂ ಆ ಫಲವನ್ನು ವಿಸ್ತರಿಸುವುದು ಗಣಿತದ ಮಾತಲ್ಲ, ನಮ್ಮ ಊಹೆ. ಅನ್ನವನ್ನು ತಿರುವದೆ ಮೇಲಿನಗುಳನ್ನಷ್ಟೇ ಹಿಸುಕಿದರೆ ತಳದ ಸ್ಥಿತಿ ತಿಳಿಯದು; ಮೇಲಿನಿಂದಲೇ ನೂರು ಅಗುಳು ತೆಗೆದರೂ ತಿಳಿಯದು.

ಆದ್ದರಿಂದ ಮಾಕಳಿಯ ವಿದ್ಯಾರ್ಥಿಯಾಗಲಿ ರಾಜ್ಯದ ಅಧಿಕಾರಿಯಾಗಲಿ, ಒಂದು ಶೇಕಡಾಂಕವನ್ನು ಕಂಡೊಡನೆ ಮೂರನ್ನು ಕೇಳಬೇಕು: ಎಷ್ಟು ಜನರನ್ನು ನೋಡಿದರು? ಹೇಗೆ ಆರಿಸಿದರು? ಅಂತರವೆಷ್ಟು? ಈ ಮೂರಕ್ಕೂ ಉತ್ತರ ದೊರೆತ ಮೇಲೆ ತೀರ್ಮಾನಕ್ಕೆ ಬರುವುದು ವಿವೇಕ.